ಎಕರೆಗೆ ಇಪ್ಪತ್ತು ಸೈಟು

ಸೆಪ್ಟೆಂಬರ್ ಬಂತೆಂದರೆ ಗೃಹ ನಿರ್ಮಾಣ ಸಹಕಾರ ಸಂಘಗಳ ಮಹಾಸಭೆಗಳ ಸುಗ್ಗಿ. ದೇಶದ ಮೊದಲ ಗೃಹ ಸಹಕಾರ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ. ಅದೇ ಊರಿನಲ್ಲಿ ಸೈಟಿಗೆ ದುಡ್ಡು ಕಟ್ಟಿ, ಕಾದು ಕಾದು ತಲೆ ನರೆತವರೂ ಇದ್ದಾರೆ. ಎಡವಿದ್ದೆಲ್ಲಿ? ಉತ್ತರ ವಾರ್ಷಿಕ ವರದಿಯ ಒಳಪುಟದಲ್ಲೇ ಇದೆ. ಬಿಡಿಸಿ ನೋಡುವವರು ಬೇಕು.

ಒಂಬತ್ತೂವರೆಗೆಲ್ಲ ಕೇಸರಿಬಾತು ಖಾಲಿ. ಕಲ್ಯಾಣ ಮಂಟಪದ ಊಟದ ಹಾಲಿನಿಂದ ಉಪ್ಪಿಟ್ಟಿನ ಪಾತ್ರೆಯ ತಳ ಕೆರೆಯುವ ಸದ್ದು ಬರುತ್ತಿತ್ತು. ಮೇಲಿನ ಹಾಲಿನಲ್ಲಿ ಹಿಂದಿನ ದಿನದ ಆರತಕ್ಷತೆಯ ಥರ್ಮಾಕೋಲ್ ಅಕ್ಷರಗಳನ್ನು ಅರ್ಧ ಕಿತ್ತು, ಅದರ ಮೇಲೇ ಸಂಘದ ಬ್ಯಾನರ್ ಕಟ್ಟಿದ್ದರು. ಬಾಗಿಲಲ್ಲಿ ಸಹಿ ಹಾಕಿದವರಿಗೊಂದು ಕೂಪನ್. ಸಭೆ ಮುಗಿದ ಮೇಲೆ ಕೂಪನ್ ಕೊಟ್ಟರೆ ಸ್ಟೀಲ್ ಡಬ್ಬಿ, ಅದರೊಳಗೆ ಮೈಸೂರು ಪಾಕು.

ಕಾರ್ಯದರ್ಶಿಗಳು ಓದುತ್ತಾ ಹೋದರು. ಹಿಂದಿನ ಸಭೆಯ ನಡವಳಿ? ‘ಮಂಜೂರು!’ ಜಮಾ-ಖರ್ಚು? ‘ಮಂಜೂರು!’ ಬಜೆಟ್ಟಿಗಿಂತ ಹೆಚ್ಚಾದ ಖರ್ಚು? ‘ಮಂಜೂರು, ಮಂಜೂರು!’ ಮುಂದಿನ ಎರಡು ಸಾಲುಗಳಲ್ಲಿ ಕೂತ ಹತ್ತು-ಹದಿನೈದು ಜನರ ಗಂಟಲಿಗೆ ಇಡೀ ಸಭೆ ತನ್ನ ಒಪ್ಪಿಗೆಯನ್ನು ಗುತ್ತಿಗೆ ಕೊಟ್ಟಂತಿತ್ತು.

ಅಷ್ಟರಲ್ಲಿ ನಿವೃತ್ತ ಮೇಷ್ಟರೊಬ್ಬರು ಎದ್ದರು. ಕೈಯಲ್ಲಿ ವರದಿ, ಅದರ ನಡುವೆ ಬೆರಳು.

‘ಅಧ್ಯಕ್ಷರೇ, ಹದಿನೇಳನೇ ಪುಟ. ಜಮೀನಿನ ಬಾಬ್ತು ಮುಂಗಡ ಅಂತಿದೆಯಲ್ಲ, ಹೋದ ವರ್ಷವೂ ಇಷ್ಟೇ ಇತ್ತು. ಅದರ ಹಿಂದಿನ ವರ್ಷವೂ ಇಷ್ಟೇ. ಯಾರಿಗೆ ಕೊಟ್ಟ ಮುಂಗಡ? ಜಮೀನು ಎಲ್ಲಿದೆ?’

‘ಒಳ್ಳೇ ಪ್ರಶ್ನೆ ಮೇಷ್ಟ್ರೇ. ಆಫೀಸಿಗೆ ಬನ್ನಿ, ಕಾಫಿ ಕುಡೀತಾ ಫೈಲೇ ತೋರಿಸ್ತೀನಿ.’

ಸಭೆ ನಕ್ಕಿತು. ‘ಕೂತ್ಕೊಳ್ಳಿ ಸಾರ್, ಲೇಟಾಯ್ತು’ ಎಂದಿತು ಹಿಂದಿನ ಸಾಲು. ಮೇಷ್ಟ್ರು ಕೂತರು. ಐದು ನಿಮಿಷದಲ್ಲಿ ವಂದನಾರ್ಪಣೆ, ರಾಷ್ಟ್ರಗೀತೆ, ಮೈಸೂರು ಪಾಕು.

ಅದು ಯಾವ ಸಂಘ ಎಂದು ಕೇಳಬೇಡಿ. ಇಂಥ ಸಭೆಗೆ ಒಮ್ಮೆಯಾದರೂ ಹೋದವರಿಗೆ ಅದು ತಮ್ಮದೇ ಸಂಘ ಅನ್ನಿಸಿದರೆ ತಪ್ಪು ನನ್ನದಲ್ಲ.

ಹದಿನೇಳನೇ ಪುಟದ ಗುಟ್ಟು

ಸೈಟು ಹಂಚುವ ಸಂಘದ ಆಸ್ತಿ-ಜವಾಬ್ದಾರಿ ತಃಖ್ತೆಯನ್ನು ಓದಲು ಸಿ.ಎ. ಪಾಸಾಗಬೇಕಿಲ್ಲ. ಒಂದು ಬದಿಯಲ್ಲಿ ‘ಸದಸ್ಯರ ನಿವೇಶನ ಠೇವಣಿ’ ಇರುತ್ತದೆ. ಅದು ನೀವು ಕಟ್ಟಿದ ಹಣ, ಸಂಘ ನಿಮಗೆ ಬಾಕಿ ಇರುವುದು. ಇನ್ನೊಂದು ಬದಿಯಲ್ಲಿ ಜಮೀನು, ಜಮೀನಿಗೆ ಕೊಟ್ಟ ಮುಂಗಡ ಮತ್ತು ಬ್ಯಾಂಕಿನಲ್ಲಿರುವ ಹಣ. ಜಮೀನು ಎಂದರೆ ಸಂಘದ ಹೆಸರಿಗೆ ನೋಂದಣಿಯಾದದ್ದು. ಮುಂಗಡ ಎಂದರೆ ಯಾರದೋ ಕೈ ಸೇರಿರುವ ದುಡ್ಡು. ಈ ಮುಂಗಡ ವರ್ಷವರ್ಷವೂ ಅಲ್ಲಾಡದೆ ಕೂತಿದ್ದರೆ ಮೇಷ್ಟರ ಪ್ರಶ್ನೆಗೆ ಕಾಫಿ ಉತ್ತರವಾಗುವುದಿಲ್ಲ.

ಇನ್ನೊಂದು ಲೆಕ್ಕ ಇನ್ನೂ ಸುಲಭ. ಒಂದು ಎಕರೆಗೆ 43,560 ಚದರ ಅಡಿ. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಸೈಟುಗಳಿಗೆಂದು ಬಿಟ್ಟರೆ ಹಂಚಲು ಉಳಿಯುವುದು ಸರಿಸುಮಾರು ಅರ್ಧ, ಹೆಚ್ಚೆಂದರೆ ಶೇ 55. ಮೂವತ್ತು-ನಲವತ್ತರ ಸೈಟು 1,200 ಚದರ ಅಡಿ. ಭಾಗಿಸಿ ನೋಡಿ: ಎಕರೆಗೆ ಹದಿನೆಂಟು, ತುಂಬ ಬಿಗಿಯಾಗಿ ಅಳೆದರೆ ಇಪ್ಪತ್ತು.

ಅಂದರೆ ಸಾವಿರ ಸದಸ್ಯರಿಂದ ಠೇವಣಿ ಪಡೆದ ಸಂಘದ ಬಳಿ ಐವತ್ತು ಎಕರೆಯಾದರೂ ಇರಬೇಕು. ಐದು ಎಕರೆ ಇಟ್ಟುಕೊಂಡು ಸಾವಿರ ಜನಕ್ಕೆ ಪಾಸ್‌ಬುಕ್ ಕೊಟ್ಟಿದ್ದರೆ ಒಂಬೈನೂರು ಜನ ನಿಂತಿರುವುದು ಬಸ್ಸಿಲ್ಲದ ಸ್ಟಾಪಿನಲ್ಲಿ.

ನಮ್ಮ ದೊಡ್ಡಪ್ಪ ಅಂಥ ಒಂದು ಸ್ಟಾಪಿನಲ್ಲಿ ಬಹಳ ಕಾಲ ನಿಂತಿದ್ದರು. ಷೇರು ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ದೇವರ ಫೋಟೊಗಳ ಪಕ್ಕದಲ್ಲೇ ತೂಗುಹಾಕಿದ್ದರು. ಕೊನೆಗೆ ಕಟ್ಟಿದ ಹಣವಷ್ಟೇ, ಬಡ್ಡಿಯಿಲ್ಲದೆ, ವಾಪಸ್ ಬಂತು. ಅಷ್ಟು ಹೊತ್ತಿಗೆ ಆ ಹಣಕ್ಕೆ ಸೈಟಿನ ಕಾಂಪೌಂಡೂ ಏಳುತ್ತಿರಲಿಲ್ಲ.

ಮೊದಲಿಟ್ಟ ಹೆಜ್ಜೆ

ಕತೆ ಶುರುವಾದದ್ದು ಹೀಗಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘ ಕಟ್ಟಿದರು. ಅದೇ ವರ್ಷ ಮೈಸೂರು ಸಂಸ್ಥಾನ ತನ್ನದೇ ಸಹಕಾರ ಸಂಘಗಳ ಕಾನೂನು ತಂದಿತು. ನಾಲ್ಕು ವರ್ಷ ಕಳೆದು, 1909ರಲ್ಲಿ, ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿ ಹುಟ್ಟಿತು. ದೇಶದ ಗೃಹ ಸಹಕಾರ ಚಳವಳಿಯ ಚರಿತ್ರೆ ಅಲ್ಲಿಂದಲೇ ಆರಂಭವಾಗುತ್ತದೆ.

1898ರ ಪ್ಲೇಗಿನ ನೆನಪು ಆಗಿನ್ನೂ ಹಸಿಯಾಗಿತ್ತು. ಇಕ್ಕಟ್ಟಿನ ಪೇಟೆ ಬಿಟ್ಟು ಗಾಳಿ-ಬೆಳಕಿರುವ ಮನೆ ಕಟ್ಟಬೇಕೆಂಬ ಆಸೆ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಆಕಾರ ಪಡೆಯುತ್ತಿತ್ತು. ಸಂಬಳದವರ ಕೈಯಲ್ಲಿ ಇಡುಗಂಟಿರಲಿಲ್ಲ. ಒಬ್ಬನಿಗೆ ಸಾಲ ಕೊಡಲು ಹಿಂಜರಿಯುವವರೂ ನೂರು ಜನ ಒಟ್ಟಿಗೆ ನಿಂತು ಸಹಿ ಹಾಕಿದರೆ ಕೊಡುತ್ತಾರೆ. ಸಹಕಾರದ ಗುಟ್ಟು ಇಷ್ಟೇ.

> ಮೊದಲು ಯಾರು?
> ಮುಂಬೈಯ ಗಾಮ್‌ದೇವಿಯಲ್ಲಿರುವ ಸಾರಸ್ವತ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿಯನ್ನು ಏಷ್ಯಾದಲ್ಲೇ ಮೊದಲನೆಯದು ಎಂದು ಮುಂಬೈಯವರು ಹೆಮ್ಮೆಯಿಂದ ಹೇಳುತ್ತಾರೆ. ಅದು ನೋಂದಣಿಯಾದದ್ದು 1915ರಲ್ಲಿ. ಬೆಂಗಳೂರಿನ ಸಂಘ ಅದಕ್ಕಿಂತ ಆರು ವರ್ಷ ಹಿರಿಯದು. ಜಗಳ ಬೇಡ. ಗಾಮ್‌ದೇವಿಯ ಸಂಘವನ್ನು ಕಟ್ಟಿದವರ ಬೇರೂ ನಮ್ಮ ಕರಾವಳಿಯಲ್ಲೇ ಇದೆ.

ಆ ಬೇರಿನ ಬಗ್ಗೆ ಒಂದಿಷ್ಟು ಹೇಳಲೇಬೇಕು. ಉತ್ತರ ಕನ್ನಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿನ ಚಿತ್ರಾಪುರ ಸಾರಸ್ವತರು ಗುಮಾಸ್ತಿಕೆ, ವಕೀಲಿಕೆ ಹುಡುಕಿಕೊಂಡು ಮುಂಬೈಗೆ ಹೊರಟರು. ಕೆಲಸ ಸಿಕ್ಕಿತು, ಸಂಬಳಕ್ಕೆ ಹೊಂದುವ ಮನೆ ಸಿಗುವುದು ಕಷ್ಟವಾಯಿತು. ಅವರಲ್ಲೊಬ್ಬರು ರಾವ್ ಬಹದ್ದೂರ್ ಎಸ್.ಎಸ್. ತಲ್ಮಕಿ. 1906ರಲ್ಲಿ ತಮ್ಮ ಗುರುಸಮಾನರಾದ ಶಾಮರಾವ್ ವಿಠ್ಠಲ ಕೈಕಿಣಿಯವರ ಹೆಸರಿನಲ್ಲಿ ಸಹಕಾರ ಪತ್ತಿನ ಸಂಘ ತೆರೆದವರು. ಇವತ್ತಿನ ಎಸ್‌ವಿಸಿ ಬ್ಯಾಂಕ್ ಅದೇ. ಮೊದಲು ಉಳಿತಾಯ, ಆಮೇಲೆ ಮನೆ. ಗಾಮ್‌ದೇವಿಯ ಸಂಘದ ಹಿಂದೆ ನಿಂತವರೂ ಅವರೇ. ತಾಡದೇವದ ತಲ್ಮಕಿವಾಡಿ ಇಂದಿಗೂ ಅವರ ಹೆಸರಿನಲ್ಲಿದೆ.

ಆ ಕಾಲದ ಮುಂಬೈ ಮಾದರಿಯ ಹಣಕಾಸಿನ ಜಾಣ್ಮೆ ನೋಡಿ. ಸದಸ್ಯರು ಷೇರಿನ ರೂಪದಲ್ಲಿ ಒಂದು ಪಾಲು ಹಾಕುತ್ತಿದ್ದರು. ಉಳಿದದ್ದು ದೀರ್ಘಾವಧಿ ಸಾಲ. ಕಟ್ಟಡ ಸಂಘದ್ದು, ಸದಸ್ಯ ಏಕಕಾಲಕ್ಕೆ ಬಾಡಿಗೆದಾರನೂ ಹೌದು, ಒಡೆಯರಲ್ಲೊಬ್ಬನೂ ಹೌದು. ತಿಂಗಳ ಬಾಡಿಗೆಯಲ್ಲೇ ಸಾಲದ ಕಂತು, ರಿಪೇರಿ, ಕಂದಾಯ ಎಲ್ಲ ಸೇರಿರುತ್ತಿತ್ತು.

ಇಲ್ಲಿ ಒಂದು ದಿನ ತಡವಾದರೆ ಒಂದು ದಿನದ ಬಡ್ಡಿ ಸಂಘದ ತಲೆಯ ಮೇಲೆ. ಹಾಗಾಗಿ ಆಡಳಿತ ಮಂಡಳಿಗೆ ಅವಸರ, ಸಾಲ ಕೊಟ್ಟವರಿಗೆ ಕಣ್ಗಾವಲಿನ ಗರಜು, ಅಲ್ಲೇ ವಾಸವಿದ್ದು ಬಾಡಿಗೆ ಕಟ್ಟುವ ಸದಸ್ಯನಿಗೆ ಪ್ರತಿ ತಿಂಗಳೂ ಲೆಕ್ಕದ ನೆನಪು.

ತಡವಾದರೆ ಲಾಭ ಯಾರಿಗೆ?

ನಮ್ಮ ಸೈಟ್ ಸೊಸೈಟಿಗಳಲ್ಲಿ ಹಣದ ದಾರಿ ತಿರುಗಾಮುರುಗಾ. ಹೊರಗಿನ ಸಾಲವಿಲ್ಲ, ಇರುವುದೆಲ್ಲ ಸದಸ್ಯರ ಠೇವಣಿ. ಅದೂ ಜಮೀನು ನೋಡುವ ಮೊದಲೇ ಬಂದದ್ದು. ಆ ಠೇವಣಿ ಬ್ಯಾಂಕಿನಲ್ಲಿದ್ದರೆ ಅದರ ಬಡ್ಡಿ ಸಂಘಕ್ಕೆ. ಹೊಸ ಸದಸ್ಯ ಸೇರಿದರೆ ಪ್ರವೇಶ ಶುಲ್ಕ ಸಂಘಕ್ಕೆ. ಸಿಬ್ಬಂದಿ ಸಂಬಳ, ಕಾರಿನ ಡೀಸೆಲ್ಲು, ಮಹಾಸಭೆಯ ಉಪ್ಪಿಟ್ಟು ನಡೆಯುವುದು ಇದರಲ್ಲೇ.

ಸೈಟು ಹಂಚಿ ಮುಗಿದ ದಿನ ಈ ಆದಾಯವೂ ಮುಗಿಯುತ್ತದೆ. ಹಂಚದಿದ್ದರೆ ಬಡ್ಡಿ ಬರುತ್ತಲೇ ಇರುತ್ತದೆ. ಎಲ್ಲ ಆಡಳಿತ ಮಂಡಳಿಗಳೂ ಬೇಕೆಂದೇ ತಡ ಮಾಡುತ್ತವೆ ಎಂದು ನಾನು ಹೇಳುತ್ತಿಲ್ಲ. ತಡ ಮಾಡಿದರೂ ಸಂಘಕ್ಕೆ ನೋವಾಗದಂತೆ ಈ ವ್ಯವಸ್ಥೆ ಇದೆ. ನೋವೆಲ್ಲ ಸದಸ್ಯನದು.

ಹಾಗೆಂದು ಬೆಂಗಳೂರಿನ ಸೊಸೈಟಿಗಳನ್ನೆಲ್ಲ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಬಿಎಂಟಿಸಿ ಬಸ್ಸುಗಳ ಬೋರ್ಡು ಓದಿ: ಬಿಇಎಲ್ ಲೇಔಟ್, ಎಚ್‌ಎಂಟಿ ಲೇಔಟ್, ಟೆಲಿಕಾಂ ಲೇಔಟ್, ಬ್ಯಾಂಕ್ ಕಾಲೊನಿ. ಕಾರ್ಖಾನೆ, ಕಚೇರಿಗಳ ಸಂಬಳದವರು ಒಂದು ಬಡಾವಣೆಯಲ್ಲಿ ಮನೆ ಕಟ್ಟಿಕೊಂಡು ನೆಲೆಯಾದ ಕತೆ ಆ ಹೆಸರುಗಳಲ್ಲಿದೆ. ಅವುಗಳಲ್ಲಿ ಎಷ್ಟೋ ಬಡಾವಣೆಗಳ ಮರದ ನೆರಳನ್ನು ಇಂದಿನ ಗಗನಚುಂಬಿಗಳು ಅಸೂಯೆಯಿಂದ ನೋಡಬೇಕು.

ಆದರೆ ಜಮೀನು ಸಿಗುವ ದಾರಿಯೇ ಸೊಟ್ಟಗಿತ್ತು. ಭೂಸುಧಾರಣಾ ಕಾಯ್ದೆಯ 79ಬಿ ಕಲಂ ಪ್ರಕಾರ ಗೃಹ ನಿರ್ಮಾಣ ಸಂಘ ಕೃಷಿ ಜಮೀನನ್ನು ನೇರವಾಗಿ ಕೊಳ್ಳುವಂತಿರಲಿಲ್ಲ. ಈ ಕಲಂ ಹೋದದ್ದು 2020ರ ತಿದ್ದುಪಡಿಯಲ್ಲಿ. ಅಲ್ಲಿಯವರೆಗೆ ನೇರ ಖರೀದಿಗೆ ದಾರಿಯಿಲ್ಲದೆ ಸಂಘದ ಕಣ್ಣು ಬಿದ್ದದ್ದು ಸರ್ಕಾರದ ಭೂಸ್ವಾಧೀನದ ಮೇಲೆ. 1984ರಲ್ಲಿ ಕೇಂದ್ರದ ಭೂಸ್ವಾಧೀನ ಕಾಯ್ದೆಗೆ ತಿದ್ದುಪಡಿಯಾಗಿ, ಸರ್ಕಾರದ ಪೂರ್ವಾನುಮತಿ ಪಡೆದ ಸಹಕಾರ ಸಂಘಗಳ ವಸತಿ ಯೋಜನೆಯೂ ‘ಸಾರ್ವಜನಿಕ ಉದ್ದೇಶ’ ಎನಿಸಿತು.

ಬಾಗಿಲು ತೆರೆದೊಡನೆ ಒಳಗೆ ನುಗ್ಗಿದವರು ಮಧ್ಯವರ್ತಿಗಳು. ಅಧಿಸೂಚನೆ ಹೊರಡಿಸಿಕೊಡುತ್ತೇನೆ, ಕಡತ ಓಡಿಸುತ್ತೇನೆ, ಎಕರೆಗೆ ಇಷ್ಟು ಕೊಡಿ ಎಂಬ ಕರಾರುಗಳಾದವು. ಆ ‘ಇಷ್ಟು’ ಬಂದದ್ದು ಸದಸ್ಯರ ಠೇವಣಿಯಿಂದ. ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿದ್ದ ಜಿ.ವಿ.ಕೆ. ರಾವ್ ಸಂಘಗಳ ಅಕ್ರಮಗಳನ್ನು ವಿಚಾರಿಸಿ ಕೊಟ್ಟ ವರದಿ ಮುಂದೆ ನ್ಯಾಯಾಲಯಗಳ ತೀರ್ಪುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು.

1995ರಲ್ಲಿ ಸುಪ್ರೀಂ ಕೋರ್ಟ್ ಎಚ್‌ಎಂಟಿ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ಲೋಕಕ್ಕೆ ಬಡಿದ ಸಿಡಿಲು. ಕಾನೂನು ಕೇಳುವ ರೀತಿಯಲ್ಲಿ ವಸತಿ ಯೋಜನೆಗೆ ಪೂರ್ವಾನುಮತಿಯೇ ಆಗಿಲ್ಲ, ಅಧಿಸೂಚನೆ ಹೊರಡಿಸುವ ಕೆಲಸಕ್ಕೆ ಮಧ್ಯವರ್ತಿಯನ್ನು ಬಳಸಲಾಗಿದೆ, ಸ್ವಾಧೀನ ರದ್ದು. ನ್ಯಾಯಾಲಯದ ಮೆಟ್ಟಿಲು ಹತ್ತದ ರೈತರಿಗೂ ಜಮೀನು ಮರಳಿಸಬೇಕು, ಅವರು ಪಡೆದ ಪರಿಹಾರ ಹಿಂತಿರುಗಿಸಬೇಕು ಎಂದಿತು ಕೋರ್ಟು. 1988ರ ಅಧಿಸೂಚನೆಯೊಂದರ ಬೆನ್ನು ಹತ್ತಿದ ಬೆಂಗಳೂರು ಸಿಟಿ ಸಂಘದ ಪ್ರಕರಣದಲ್ಲಿ 2012ರಲ್ಲಿ ಬಂದ ತೀರ್ಪೂ ಇದೇ ದಾರಿಯದು.

ಜಮೀನು ರೈತರಿಗೆ ಹೋದದ್ದು ನ್ಯಾಯವೇ. ಮಧ್ಯವರ್ತಿ ಹಣ ಎಣಿಸಿಕೊಂಡು ಆಗಲೇ ಹೋಗಿದ್ದ. ನಡುವೆ ಸಿಕ್ಕಿದವನು ಓವರ್‌ಟೈಮ್ ಮಾಡಿ ಕಂತು ಕಟ್ಟಿದ ನೌಕರ.

ಕೂಡಿಸುವುದು ಒಂದು ಕಲೆ, ಬಿಡಿಸುವುದು ಇನ್ನೊಂದು

ಚೆನ್ನಾಗಿ ನಡೆಯುವ ಸಂಘಗಳಲ್ಲಿ ಒಂದು ಶಿಸ್ತು ಕಾಣುತ್ತದೆ. ಹಣ ಒಟ್ಟಿಗೆ ಕೇಳುವುದಿಲ್ಲ, ಕೆಲಸ ನಡೆದ ಹಾಗೆ ಕೇಳುತ್ತಾರೆ. ಕ್ರಯಪತ್ರವಾದ ಮೇಲೆ ಒಂದು ಕಂತು, ಭೂಪರಿವರ್ತನೆಗೆ ಒಂದು, ನಕ್ಷೆಗೆ ಪ್ರಾಧಿಕಾರದ ಮಂಜೂರಾತಿ ಬಂದಾಗ ಒಂದು, ಚರಂಡಿ-ರಸ್ತೆ ಎದ್ದಾಗ ಕೊನೆಯದು. ಜ್ಯೇಷ್ಠತಾ ಪಟ್ಟಿಯನ್ನು ಆಫೀಸಿನ ಗೋಡೆಗೇ ಅಂಟಿಸಿರುತ್ತಾರೆ. ಮೂಲೆ ಸೈಟು ಯಾರಿಗೆ ಹೋಯಿತೆಂದು ಕಾಫಿ ಕುಡಿಯದೆಯೂ ಗೊತ್ತಾಗುತ್ತದೆ.

ಇದನ್ನೇ ಕಾನೂನು ಬೇರೆ ಮಾತಿನಲ್ಲಿ ಹೇಳಿದೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ (ರೇರಾ) ಪ್ರಕಾರ ಖರೀದಿದಾರರಿಂದ ಬಂದ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು. ಎಂಜಿನಿಯರ್, ವಾಸ್ತುಶಿಲ್ಪಿ, ಲೆಕ್ಕಪರಿಶೋಧಕ ಮೂವರೂ ದೃಢೀಕರಿಸಿದ ಮೇಲೆ, ಕೆಲಸ ಆದಷ್ಟು ಮಾತ್ರ ತೆಗೆಯಬೇಕು. ಸದಸ್ಯರಿಗಾಗಿ ಮನೆ ಕಟ್ಟುವ ಪ್ರಾಥಮಿಕ ಗೃಹ ಸಹಕಾರ ಸಂಘವೂ ಈ ಕಾಯ್ದೆಯ ‘ಪ್ರವರ್ತಕ’ ಎಂಬ ಪದದೊಳಗೆ ಬರುತ್ತದೆ. ‘ನಾವು ಬಿಲ್ಡರ್ ಅಲ್ಲ, ಸೊಸೈಟಿ’ ಎಂಬ ಹಳೆಯ ಗುರಾಣಿಗೆ ಇದರಿಂದ ತೂತು ಬಿದ್ದಿದೆ.

ಗೃಹಪ್ರವೇಶದ ಮರುದಿನ

ಮನೆ ಸಿಕ್ಕಿತು ಅನ್ನಿ. ಅಲ್ಲಿಗೆ ಸಹಕಾರ ಮುಗಿಯಿತೇ? ಸೈಟ್ ಸೊಸೈಟಿಯಲ್ಲಿ ಹೆಚ್ಚುಕಡಿಮೆ ಮುಗಿಯುತ್ತದೆ. ನೋಂದಣಿಯಾದ ಸದಸ್ಯ ಮತ್ತೆ ಸಭೆಯ ಕಡೆ ತಲೆ ಹಾಕುವುದು ಡಬ್ಬಿಗಾಗಿ. ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಅಸಲಿ ಕೆಲಸ ಶುರುವಾಗುವುದೇ ಆಗ.

ಲಿಫ್ಟು, ಜನರೇಟರು, ಸಂಪು, ಎಸ್‌ಟಿಪಿ, ಸೆಕ್ಯೂರಿಟಿ, ಬೇಸಿಗೆಯ ಟ್ಯಾಂಕರು. ತಿಂಗಳ ಮೇಂಟೆನೆನ್ಸ್ ಇನ್ನೂರು ರೂಪಾಯಿ ಏರಿಸಬೇಕೆಂದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕುರುಕ್ಷೇತ್ರ. ಅಲ್ಲೇ ಇರುವ ಫ್ಲ್ಯಾಟ್ ಯಜಮಾನ ಒಂದು ಹೇಳಿದರೆ, ಬಾಡಿಗೆಗೆ ಕೊಟ್ಟು ಅಮೆರಿಕದಲ್ಲಿರುವವನು ಮತ್ತೊಂದು ಹೇಳುತ್ತಾನೆ. ಹತ್ತು ವರ್ಷ ‘ಕಡಿಮೆ ಮೇಂಟೆನೆನ್ಸ್’ ಎಂದು ಬೀಗಿದ ಕಟ್ಟಡಕ್ಕೆ ಹನ್ನೊಂದನೇ ವರ್ಷ ಬಣ್ಣ, ಹದಿನೈದನೇ ವರ್ಷ ಲಿಫ್ಟು ಒಟ್ಟಿಗೆ ಬಂದು ನಿಲ್ಲುತ್ತವೆ. ಆಗ ಮನೆಗೊಂದು ಲಕ್ಷ ‘ವಿಶೇಷ ವಂತಿಗೆ’. ಕೊಡದವರ ಪಟ್ಟಿ ನೋಟಿಸ್ ಬೋರ್ಡಿನ ಮೇಲೆ.

ಈ ವಿಷಯದಲ್ಲಿ ಮುಂಬೈಯಿಂದ ಕಲಿಯುವುದು ಬಹಳವಿದೆ. ಮಹಾರಾಷ್ಟ್ರದ ಮಾದರಿ ಉಪವಿಧಿಗಳಲ್ಲಿ ಎಲ್ಲದಕ್ಕೂ ಒಂದು ಅಂಕಿ ಇದೆ. ಬಾಕಿಗೆ ವರ್ಷಕ್ಕೆ ಗರಿಷ್ಠ ಶೇ 21ರಷ್ಟು ಬಡ್ಡಿ. ಮನೆ ಬಾಡಿಗೆಗೆ ಕೊಟ್ಟರೆ ಸೇವಾ ಶುಲ್ಕದ ಶೇ 10ಕ್ಕೆ ಮೀರದ ಹೆಚ್ಚುವರಿ. ವಾದಕ್ಕೆ ಅವಕಾಶ ಕಡಿಮೆ ಇದ್ದಷ್ಟೂ ನೆರೆಹೊರೆ ಚೆನ್ನಾಗಿರುತ್ತದೆ ಎಂಬುದು ನನ್ನ ಅನುಭವ.

> ಲಿಫ್ಟಿನ ಲೆಕ್ಕ
> ಮಹಾರಾಷ್ಟ್ರದ ಮಾದರಿ ಉಪವಿಧಿಯಂತೆ ಮನೆಯ ನಿರ್ಮಾಣ ವೆಚ್ಚದ ಕನಿಷ್ಠ ಶೇ 0.25ನ್ನು ಪ್ರತಿ ವರ್ಷ ಮುಂದಿನ ದೊಡ್ಡ ಖರ್ಚಿಗೆಂದು ಕೂಡಿಡುವ ಸಿಂಕಿಂಗ್ ಫಂಡಿಗೂ, ಶೇ 0.75ನ್ನು ರಿಪೇರಿ ನಿಧಿಗೂ ಎತ್ತಿಡಬೇಕು. ಜಮೀನಿನ ಬೆಲೆ ಇದಕ್ಕೆ ಸೇರದು.
> 40 ಮನೆಗಳ ಕಟ್ಟಡ, ಮನೆಯೊಂದಕ್ಕೆ ನಿರ್ಮಾಣ ವೆಚ್ಚ ₹20 ಲಕ್ಷ ಎಂದುಕೊಳ್ಳಿ. ಸಿಂಕಿಂಗ್ ಫಂಡು ಮನೆಗೆ ವರ್ಷಕ್ಕೆ ₹5,000. ಕಟ್ಟಡಕ್ಕೆ ₹2 ಲಕ್ಷ. ಹದಿನೈದು ವರ್ಷಕ್ಕೆ ₹30 ಲಕ್ಷ, ಬಡ್ಡಿ ಬೇರೆ. ಎರಡೂ ನಿಧಿ ಸೇರಿದರೆ ಮನೆಗೆ ತಿಂಗಳಿಗೆ ಸುಮಾರು ₹1,670.
> ಜಿಎಸ್‌ಟಿ ನೆನಪಿರಲಿ: ಸದಸ್ಯರೊಬ್ಬರ ತಿಂಗಳ ವಂತಿಗೆ ₹7,500 ಮೀರಿ, ಸಂಘದ ವಾರ್ಷಿಕ ವಹಿವಾಟೂ ₹20 ಲಕ್ಷ ದಾಟಿದರೆ ಶೇ 18 ತೆರಿಗೆ.

ಮುಂಬೈಯಲ್ಲಿ ಈಗ ಇನ್ನೊಂದು ಗಾಳಿ ಬೀಸುತ್ತಿದೆ. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಲು ಬಿಲ್ಡರನನ್ನು ಕರೆಯದೆ, ಸಂಘಗಳೇ ಸಾಲ ತೆಗೆದು ಕಟ್ಟಿಸಿಕೊಳ್ಳುವುದು. 2019ರಲ್ಲಿ ಅಲ್ಲಿನ ಸರ್ಕಾರ ಇಂಥ ‘ಸ್ವಯಂ ಪುನರಭಿವೃದ್ಧಿ’ಗೆ ಉತ್ತೇಜನ ಕೊಡುವ ಆದೇಶ ಹೊರಡಿಸಿತು. ಹೆಚ್ಚುವರಿಯಾಗಿ ಸಿಗುವ ಮನೆಗಳನ್ನು ಮಾರಿ ಸಾಲ ತೀರಿಸುವುದು ಲೆಕ್ಕಾಚಾರ. ಬಿಲ್ಡರನ ಲಾಭ ಸದಸ್ಯರಿಗೇ ಉಳಿಯುತ್ತದೆ. ಇದಕ್ಕೆ ಸಾಲ ಕೊಡುವವರು ಮೊದಲು ಕೇಳುವುದು ಸಂಘದ ಹಳೆಯ ಲೆಕ್ಕಪತ್ರ. ವರ್ಷವರ್ಷವೂ ಆಡಿಟ್ ಮಾಡಿಸಿ, ನಡವಳಿ ಪುಸ್ತಕ ಅಚ್ಚುಕಟ್ಟಾಗಿ ಇಟ್ಟವರಿಗೆ ಸಾಲ. ಉಳಿದವರಿಗೆ ಬಿಲ್ಡರೇ ಗತಿ.

ಪ್ರಶ್ನೆ ಕೇಳುವವರು

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರದು. ಅದರಲ್ಲಿ ಅಸ್ತ್ರಗಳಿಗೆ ಬರವಿಲ್ಲ: 63ನೇ ಕಲಂ ಲೆಕ್ಕಪರಿಶೋಧನೆ, 64ನೇ ಕಲಂ ವಿಚಾರಣೆ, 70ನೇ ಕಲಂ ವ್ಯಾಜ್ಯ. ಸಭೆಗೆ ಬಾರದವರ ಮತದಾನದ ಹಕ್ಕಿಗೆ ಕತ್ತರಿ ಹಾಕುವ ತಿದ್ದುಪಡಿಯೂ ಬಂತು. ಅದರಿಂದ ಆದದ್ದೇನು? ಬಾಗಿಲ ಬಳಿಯ ಸಹಿ ಪುಸ್ತಕದ ಮುಂದೆ ಕ್ಯೂ ಬೆಳೆಯಿತು. ಹದಿನೇಳನೇ ಪುಟ ಹಾಗೇ ಉಳಿಯಿತು.

ಕಾಯ್ದೆಯ ಕಣ್ಣಲ್ಲಿ ಸದಸ್ಯ ಒಡೆಯ. ತನ್ನ ಕಣ್ಣಲ್ಲಿ ಅವನು ಗಿರಾಕಿ. ಗಿರಾಕಿ ಕೇಳುವುದು ‘ನನ್ನ ಸೈಟು ಯಾವಾಗ?’ ಎಂದು. ಒಡೆಯನಾದವನು ‘ನಮ್ಮ ದುಡ್ಡು ಎಲ್ಲಿದೆ?’ ಎನ್ನುತ್ತಾನೆ. ಮೊದಲನೆಯ ಪ್ರಶ್ನೆಗೆ ‘ಮುಂದಿನ ಯುಗಾದಿಗೆ’ ಎಂದರೆ ಸಾಕು, ಸಭೆ ಚಪ್ಪಾಳೆ ತಟ್ಟುತ್ತದೆ. ಎರಡನೆಯದಕ್ಕೆ ಕಾಗದ ತೋರಿಸಬೇಕು.

> ಕಾಗದ ಕೊಡದಿದ್ದರೆ
> ಸಹಕಾರ ಸಂಘ ತಾನಾಗಿ ಮಾಹಿತಿ ಹಕ್ಕು ಕಾಯ್ದೆಯ ‘ಸಾರ್ವಜನಿಕ ಪ್ರಾಧಿಕಾರ’ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಕೇರಳದ ತಲಪ್ಪಾಲಂ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ ಹೇಳಿತು. ಆದರೆ ಸಹಕಾರ ಸಂಘಗಳ ನಿಬಂಧಕರು ಸಾರ್ವಜನಿಕ ಪ್ರಾಧಿಕಾರ. ಕಾನೂನಿನ ಪ್ರಕಾರ ಅವರು ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ಅವರ ಮೂಲಕ ಕೇಳಬಹುದು.

ನಾನು ಹೇಳಿದ ಸಭೆಯ ಮೇಷ್ಟ್ರು ಆಫೀಸಿಗೆ ಹೋದರಂತೆ. ಕಾಫಿ ಸಿಕ್ಕಿತಂತೆ, ಫೈಲು ಆಡಿಟರ ಬಳಿ ಇತ್ತಂತೆ. ಮುಂದಿನ ವರ್ಷದ ಸಭೆಗೆ ಅವರು ಒಬ್ಬರೇ ಬರಲಿಲ್ಲ. ಬೀದಿಯ ಆರು ಜನ ಸದಸ್ಯರನ್ನು ಜೊತೆಗೆ ಕರೆತಂದರು. ಏಳೂ ಜನರ ಕೈಯಲ್ಲಿ ವರದಿ, ಏಳೂ ವರದಿಗಳಲ್ಲಿ ಅದೇ ಪುಟಕ್ಕೆ ಬೆರಳು. ಆ ವರ್ಷ ಅಧ್ಯಕ್ಷರು ಕಾಫಿಗೆ ಕರೆಯಲಿಲ್ಲ, ಮೈಕಿನಲ್ಲೇ ಉತ್ತರ ಹೇಳಿದರು. ಉತ್ತರ ಚೆನ್ನಾಗಿರಲಿಲ್ಲ. ಆದರೂ ನಡವಳಿ ಪುಸ್ತಕದಲ್ಲಿ ದಾಖಲಾಯಿತು.

ನಿಮ್ಮ ಸಂಘದ ನೋಟಿಸು ಬಂದಿದ್ದರೆ, ಹಳೆಯ ಪೇಪರಿನ ಕಟ್ಟಿಗೆ ಸೇರುವ ಮೊದಲು ವರದಿಯನ್ನು ಹೊರತೆಗೆಯಿರಿ. ಸದಸ್ಯರ ಸಂಖ್ಯೆಯನ್ನು ಇಪ್ಪತ್ತರಿಂದ ಭಾಗಿಸಿ, ಸಂಘದ ಹೆಸರಿಗಿರುವ ಎಕರೆಯ ಪಕ್ಕದಲ್ಲಿ ಬರೆದು ನೋಡಿ. ತಾಳೆಯಾಗದಿದ್ದರೆ ಪ್ರಶ್ನೆಯನ್ನು ಕಾಗದದ ಮೇಲೆ ಬರೆದು ಸಭೆಗೆ ಮುಂಚೆಯೇ ಆಫೀಸಿಗೆ ಕೊಡಿ. ಎರಡನೇ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.